ಕಡಲಿಗೆ ಬೆನ್ನು ಹಾಕಿ ಕೂತವಳು

ಆ ಊರಿಗೆ ಬಂದವರು ಮೊದಲು ಕೇಳುವುದು ಒಂದೇ ಮಾತು: "ಇಲ್ಲಿ ನೋಡೋಕೆ ಏನೇನಿದೆ?" ಕೇಳುವುದೂ ಗಂಟಕ್ಕನನ್ನೇ. ಬಸ್ಸಿಳಿದು, ಇರುವ ಒಂದೇ ರಸ್ತೆ ಹಿಡಿದು ಬಂದರೆ ಮರಳಿನ ಅಂಚಿನಲ್ಲಿ ಮೊದಲು ಕಣ್ಣಿಗೆ ಬೀಳುವವಳು ಅವಳು. ಹರಕು ಛತ್ರಿಯ ಕೆಳಗೆ ಹಲಗೆ ಹಾಕಿಕೊಂಡು, ನೀರಿಗಿಳಿಯುವವರ ಬಟ್ಟೆಗಂಟು, ಚಪ್ಪಲಿ, ಕನ್ನಡಕ ಕಾಯುವುದು ಅವಳ ಕೆಲಸ. ಆ ಹೆಸರು ಬಂದದ್ದೂ ಹಾಗೆಯೇ.

"ದೀಪಸ್ತಂಭ ಇದೆ, ಸಂಜೆ ಬಾಗಿಲು ತೆಗೀತಾರೆ. ಮೆಟ್ಟಿಲು ಹತ್ತೋವಾಗ ಹರಟೆ ಹೊಡೀಬೇಡಿ, ಉಸಿರು ಉಳಿಸ್ಕೊಳ್ಳಿ. ನೀರು ಇಳಿದಾಗ ಹಕ್ಕಿಬಂಡೆಗೆ ನಡ್ಕೊಂಡೇ ಹೋಗ್ಬಹುದು. ಏರೋದ್ರೊಳಗೆ ವಾಪಸ್ ಬನ್ನಿ, ಇಲ್ಲದಿದ್ರೆ ಹಕ್ಕಿಗಳ ಜೊತೆ ಸಂಸಾರ ಹೂಡ್ಬೇಕಾಗುತ್ತೆ! ಚಿಪ್ಪು ಬೇಕಿದ್ರೆ ಬೆಳಿಗ್ಗೆ ಬನ್ನಿ, ಮಕ್ಕಳು ಏಳೋಕೆ ಮುಂಚೆ."

ಹೀಗೆ ಊರೆಲ್ಲ ತೋರಿಸುವ ಮಹಾತಾಯಿ ತಾನು ಕೂರುತ್ತಿದ್ದದ್ದು ಮಾತ್ರ ಕಡಲಿಗೆ ಬೆನ್ನು ಹಾಕಿ. ಯಾಕೆಂದು ಯಾರಾದರೂ ಕೇಳಿದರೆ, "ಸಮುದ್ರ ಎಲ್ಲಿಗೆ ಓಡಿಹೋಗುತ್ತೆ? ಓಡಿಹೋಗೋದು ಚಪ್ಪಲಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕೆಲಸದಲ್ಲಿ ಅವಳದು ಭಾರೀ ಶಿಸ್ತು. ಹಳೆ ಸೀರೆಗಳನ್ನು ಹರಿದು ಬಣ್ಣಬಣ್ಣದ ಪಟ್ಟಿ ಮಾಡಿಟ್ಟಿದ್ದಳು. ಒಂದು ಪಟ್ಟಿ ಚಪ್ಪಲಿಗೆ, ಅದೇ ಬಣ್ಣದ್ದು ಇನ್ನೊಂದು ಚಪ್ಪಲಿಯವರ ಮಣಿಕಟ್ಟಿಗೆ. ನೀರಿಂದ ಬಂದು ಕೈ ತೋರಿಸಿದರೆ ಸರಿ, ಗಂಟು ಕೈಗೆ ಬರುತ್ತಿತ್ತು. ಹೊಸದಾಗಿ ಮದುವೆಯಾದವರು ಇಬ್ಬರಿಗೂ ಒಂದೇ ಬಣ್ಣ ಕೇಳುತ್ತಾರೆ, ಹಳಬರು ಬೇರೆಬೇರೆ ಕೇಳುತ್ತಾರೆ ಎಂದು ಅವಳೇ ನಗುತ್ತಿದ್ದಳು.

ನಿಜ ಏನೆಂದರೆ, ಅವಳಿಗೆ ಕಡಲನ್ನು ನೋಡಲು ಧೈರ್ಯವಿರಲಿಲ್ಲ. ಇದ್ದೊಬ್ಬ ಮಗಳು ಮೀನಿನ ಹಾಗೆ ಈಜುತ್ತಿದ್ದಳು. ಚಿಕ್ಕವಳಿದ್ದಾಗ ಒಮ್ಮೆ ದೊಡ್ಡ ಅಲೆಯೊಂದು ಅವಳನ್ನು ತಾಯಿಯ ಕಣ್ಣೆದುರೇ ನುಂಗಿ, ಒಂದು ಗಳಿಗೆ ಬಿಟ್ಟು ಆಚೆ ಉಗುಳಿತು. ಹುಡುಗಿ ಮೂಗು ಸೀಟಿಕೊಂಡು ನಗುತ್ತ ಮತ್ತೆ ನೀರಿಗೆ ಹೋದಳು. ತಾಯಿಯ ಜೀವ ಮಾತ್ರ ಆ ಗಳಿಗೆಯಲ್ಲೇ ಸಿಕ್ಕಿಕೊಂಡಿತು. ಬೇಡ ಎಂದರೆ ಕೇಳುವ ಮಗಳಲ್ಲ. ಸರಿ, ಹಲಗೆಯನ್ನೇ ತಿರುಗಿಸಿಕೊಂಡು ಕೂತಳು.

ಹಲಗೆಗೆ ಎದುರಾಗಿ ಇದ್ದದ್ದು ಗಂಡನ ಟೀ ಗಾಡಿ. ಅವನ ಮುಖ ಕಡಲಿನ ಕಡೆಗೆ, ಇವಳ ಮುಖ ಅವನ ಕಡೆಗೆ. ಪಾಪ, ಅವನಿಗೆ ಏನನ್ನೂ ಬಚ್ಚಿಡಲು ಬಾರದು. ಹಾಲು ಒಡೆದರೂ ಮುಖ ನೋಡಿಯೇ ಹೇಳಬಹುದಿತ್ತು. ಮಗಳು ನೀರಿನಲ್ಲಿದ್ದಷ್ಟು ಹೊತ್ತೂ ಗಂಟಕ್ಕ ಆ ಮುಖವನ್ನೇ ಓದುತ್ತಿದ್ದಳು. ಟೀ ಸೋಸುವ ಕೈ ಆಡುತ್ತಿದ್ದರೆ ಎಲ್ಲ ಕ್ಷೇಮ. ಕೈ ನಿಂತರೆ ಇವಳ ಉಸಿರೂ ನಿಲ್ಲುತ್ತಿತ್ತು.

ಮಗಳು ದೊಡ್ಡವಳಾದಳು. ದಡದಲ್ಲಿ ಜೀವರಕ್ಷಕರ ಕೆಲಸಕ್ಕೆ ಜನ ಬೇಕೆಂದು ತಿಳಿದು ಅರ್ಜಿ ಹಾಕಿಯೇ ಬಿಟ್ಟಳು. ದೂರದ ಕೆಂಪು ತೇಲುಬುರುಡೆಯವರೆಗೆ ಈಜಿ, ಅಲ್ಲಿ ಮುಳುಗುವಂತೆ ನಟಿಸುವ ಆಳನ್ನು ಎಳೆದು ತರಬೇಕು. ಅದೇ ಪರೀಕ್ಷೆ.

ಆ ದಿನ ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಮಗಳು ಕೇಳಿದಳು, "ಅಮ್ಮ, ಇವತ್ತೊಂದಿನ ತಿರುಗಿ ನೋಡ್ತೀಯಾ?"

"ನಿಮ್ಮಪ್ಪ ನೋಡ್ತಾರಲ್ಲೇ."

"ಅಪ್ಪ ನೋಡಿದ್ರೆ ನೀನು ನೋಡಿದ ಹಾಗಾಯ್ತಾ? ಊರೋರೆಲ್ಲ ನಾನು ಈಜೋದು ನೋಡಿದಾರೆ. ನೀನೊಬ್ಬಳೇ ನೋಡಿಲ್ಲ."

ಗಂಟಕ್ಕ ಬಾಚಣಿಗೆಯನ್ನು ಜೋರಾಗಿ ಎಳೆದಳು. ಮಗಳು "ಅಯ್ಯೋ" ಎಂದಳೇ ಹೊರತು ಮತ್ತೆ ಕೇಳಲಿಲ್ಲ.

ಗಾಳಿ ಎದ್ದಿತ್ತು. ಹಲಗೆಯ ಮೇಲೆ ಕೂತ ಗಂಟಕ್ಕನ ಬೆನ್ನ ಹಿಂದೆ ಅಲೆಯ ಸದ್ದು ಜೋರಾಗಿತ್ತು. ಮಗಳು ಬಂದು ತನ್ನ ಚಪ್ಪಲಿ ಬಿಚ್ಚಿ ತಾಯಿಯ ಮುಂದಿಟ್ಟಳು. ಗಿರಾಕಿಯ ಹಾಗೆ ಕೈ ಚಾಚಿ, "ಹಳದಿ ಪಟ್ಟಿ ಕೊಡಿ ಅಕ್ಕಾ" ಎಂದಳು. ತಾಯಿ ಒಂದು ಪಟ್ಟಿ ಚಪ್ಪಲಿಗೆ, ಇನ್ನೊಂದು ಮಗಳ ಮಣಿಕಟ್ಟಿಗೆ ಎರಡೆರಡು ಗಂಟು ಹಾಕಿ ಕಟ್ಟಿದಳು. ಮಗಳು ಹೋದಳು.

"ರೀ, ಮುಖ ನೆಟ್ಟಗಿಟ್ಕೊಳ್ಳಿ. ಸುಮ್ಸುಮ್ನೆ ಹುಬ್ಬು ಏರಿಸಿ ನನ್ನ ಕೊಲ್ಬೇಡಿ," ಎಂದು ಗಂಟಕ್ಕ ಗಂಡನಿಗೆ ಎಚ್ಚರಿಸಿದಳು.

"ಆಯ್ತು ಮಾರಾಯ್ತಿ. ನನ್ನ ಮುಖಕ್ಕೆ ಇಷ್ಟು ಬೆಲೆ ಇದೆ ಅಂತ ಮದುವೇಲೇ ಹೇಳಿದ್ರೆ ಇನ್ನೂ ಜಂಬ ಮಾಡ್ತಿದ್ದೆ."

ಸೀಟಿ ಕೇಳಿಸಿತು. ಅವನು ಟೀ ಸೋಸುತ್ತಿದ್ದ. ಸೋಸಿದ್ದನ್ನೇ ಮತ್ತೆ ಸೋಸಿದ. ಕುಡಿಯುವವರೆಲ್ಲ ಆಗಲೇ ನೀರಿನ ಕಡೆ ಓಡಿದ್ದರು. ಕೈ ಆಡುತ್ತಲೇ ಇತ್ತು, ಗಂಟಕ್ಕನೂ ಉಸಿರಾಡುತ್ತಲೇ ಇದ್ದಳು. ಇದ್ದಕ್ಕಿದ್ದಂತೆ ಕೈ ನಿಂತಿತು. ಪಾತ್ರೆ ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಅವನು ಅತ್ತುಬಿಟ್ಟ.

ಅವನು ಅತ್ತದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆ ಮುಖ ಅವಳಿಗೆ ಓದಲು ಬರಲಿಲ್ಲ. "ಏನಾಯ್ತ್ರೀ?" ಎಂದಳು. ಅವನು ಕಡಲಿನ ಕಡೆ ಕೈ ತೋರಿಸಿದ. ಗಂಟಕ್ಕ ಅಷ್ಟು ವರ್ಷ ಬೆನ್ನು ಕೊಟ್ಟ ಕಡಲಿನತ್ತ ತಿರುಗಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೇ ಓಡಿದಳು. ಮರಳು ಮುಗಿದು ನೀರು ಬಂದದ್ದೂ ಅವಳಿಗೆ ತಿಳಿಯಲಿಲ್ಲ.

ಸೊಂಟದವರೆಗೆ ನೀರು ಬಂದಾಗ ನಿಂತು ನೋಡಿದಳು. ಮಗಳು ಬರುತ್ತಿದ್ದಳು. ತನ್ನ ಎರಡರಷ್ಟಿದ್ದ ಗಂಡಾಳನ್ನು ಒಂದು ತೋಳಿನಲ್ಲಿ ತಬ್ಬಿ, ಇನ್ನೊಂದು ತೋಳಿನಿಂದ ಅಲೆ ಬಗೆಯುತ್ತ, ಪರೀಕ್ಷೆಗೆ ಇಳಿದಿದ್ದ ಎಲ್ಲರಿಗಿಂತ ಮುಂದೆ ಬರುತ್ತಿದ್ದಳು. ಅಲೆಯೊಂದು ಎದ್ದು ಅವಳನ್ನು ಮುಚ್ಚಿತು. ಗಂಟಕ್ಕ ಕಣ್ಣು ಮುಚ್ಚಲಿಲ್ಲ. ಮಗಳ ತಲೆ ಮತ್ತೆ ಮೇಲೆ ಬಂತು. ಅಬ್ಬಾ, ಎಷ್ಟು ಚೆಂದ ಈಜುತ್ತಾಳೆ ನನ್ನ ಕೂಸು! ಇಷ್ಟು ವರ್ಷ ಇದನ್ನು ಊರವರಿಗೆ ಬಿಟ್ಟು ಕೂತಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಆಳನ್ನು ದಡಕ್ಕೆ ಒಪ್ಪಿಸಿ ಮಗಳು ಏದುಸಿರು ಬಿಡುತ್ತ ತಾಯಿಯ ಬಳಿ ಬಂದಳು.

"ಅಮ್ಮ, ನೀನು ಇಲ್ಲಿ? ಜನರ ಗಂಟೆಲ್ಲ ಯಾರು ಕಾಯ್ತಾರೆ?"

"ಹಾಳಾಗಿ ಹೋಗ್ಲಿ ಗಂಟು," ಎಂದಳು ಗಂಟಕ್ಕ.

ಮಗಳ ಕಣ್ಣು ತಾಯಿಯ ಕೈ ಮೇಲೆ ಬಿತ್ತು. ಊರವರದನ್ನೆಲ್ಲ ಬಿಟ್ಟು ಓಡಿಬಂದವಳು ಎದೆಗೆ ಅವಚಿಕೊಂಡಿದ್ದದ್ದು ಹಳದಿ ಪಟ್ಟಿ ಕಟ್ಟಿದ ಒಂದು ಜೊತೆ ಚಪ್ಪಲಿ. ಮಗಳು ತನ್ನ ಮಣಿಕಟ್ಟು ಎತ್ತಿ ತೋರಿಸಿದಳು.

ಆಮೇಲೆ ಗಂಡನಿಗೆ ಸಿಕ್ಕ ಮಂಗಳಾರತಿ ಇಡೀ ದಡಕ್ಕೆ ಕೇಳಿಸಿತು: "ಖುಷಿಗೆ ಅಳೋ ಗಂಡಸು ಎಲ್ಲಾದ್ರೂ ಇದಾನಾ? ಜೀವ ಹೋಗಿ ಬಂತು!"

ಹಲಗೆ ಈಗ ತಿರುಗಿದೆ. ಚಪ್ಪಲಿಗಳು ಆಗಾಗ ಅದಲುಬದಲಾಗುತ್ತವೆ. ತನ್ನ ಮುಖ ನೋಡುವವರೇ ಇಲ್ಲವೆಂದು ಟೀ ಗಾಡಿಯವನು ಗೊಣಗುತ್ತಾನೆ. ಬಂದವರು ಇಲ್ಲಿ ನೋಡೋಕೆ ಏನಿದೆ ಎಂದು ಕೇಳಿದರೆ, ಗಂಟಕ್ಕ ದೀಪಸ್ತಂಭದ ಮಾತನ್ನು ಆಮೇಲೆ ತೆಗೆಯುತ್ತಾಳೆ.

"ಅಲ್ನೋಡಿ," ಎನ್ನುತ್ತಾಳೆ, "ಎತ್ತರದ ಕುರ್ಚಿ ಮೇಲೆ ಕೆಂಪಂಗಿ ಹಾಕ್ಕೊಂಡು ಕೂತಿದಾಳಲ್ಲ, ನನ್ನ ಮಗಳು. ಸ್ವಲ್ಪ ಹೊತ್ತು ಇರಿ, ನೀರಿಗಿಳೀತಾಳೆ."