ಅಳತೆ ತಪ್ಪಿದ ಕೋವಿ

ಆತ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ದಪ್ಪ ಬಟ್ಟೆಯ ತೋಳಿಲ್ಲದ ಕೋಟೊಂದನ್ನು ಹಿಡಿದುಕೊಂಡು. ಲಂಡನ್ನಿನ ಕ್ರೋಯ್ಡನ್ನಿನಲ್ಲಿ ಟ್ರಾಮ್ ನಿಲ್ಲುವ ಜಾಗದಿಂದ ಎರಡು ಬೀದಿ ಒಳಗೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಸೌತ್‌ಹಾಲ್‌ನಿಂದ ಸೀರೆ ತಂದವರಿಗೆ ಬ್ಲೌಸ್ ಹೊಲಿದು ಕೊಡುವುದು, ಇಷ್ಟೇ ಕೆಲಸ. ನಾನು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದುದನ್ನು ಕೇಳಿ ಆತನಿಗೆ ಖುಷಿಯಾಯಿತು. ಬೆಂಗಳೂರಿನವನು, ಯಾವುದೋ ಐಟಿ ಕಂಪನಿಯಲ್ಲಿ ದೊಡ್ಡ ಹುದ್ದೆ. ಕೋಟಿನ ಎಡ ಭುಜದ ಮೇಲಿದ್ದ ಚರ್ಮ ಸವೆದು ಹರಿದಿತ್ತು.

"ಇಲ್ಲಿ ಹೊಸದು ಕೂರಿಸಿ ಕೊಡಿ ಮೇಡಂ. ಶಿಕಾರಿಗೆ ಹಾಕ್ಕೊಳ್ಳೋದು" ಎಂದ.

ನಾನು ಕುಂದಾಪುರದ ಕಡೆಯವಳು. ನಮ್ಮ ಮನೆಯ ಗಂಡಸರು ಹಂದಿ ಬೇಟೆಗೆ ಹೋದರೆ ಹೆಂಗಸರು ಮಸಾಲೆ ಅರೆದಿಟ್ಟು ಕಾಯುತ್ತಿದ್ದರು. ಚಿಕ್ಕವಳಿದ್ದಾಗ ಕೋವಿ ಮುಟ್ಟಿದ್ದಕ್ಕೆ ದೊಡ್ಡಪ್ಪನಿಂದ ಪೆಟ್ಟು ತಿಂದದ್ದು ನೆನಪಿದೆ. ಆ ಚರ್ಮವನ್ನು ಹೊಲಿಯುತ್ತಾ ಹೊಲಿಯುತ್ತಾ ನನ್ನೊಳಗೆ ಏನೋ ಎದ್ದಿತು. ಕೋಟು ವಾಪಸ್ ಕೊಡುವಾಗ ಕೇಳಿಯೇಬಿಟ್ಟೆ, ಹೆಂಗಸರೂ ಬರಬಹುದೇ ಎಂದು. "ಯಾಕ್ ಬರಬಾರದು? ಬನ್ನಿ ಮೇಡಂ" ಎಂದು ಆತ ನಕ್ಕ. ನನಗಾಗ ನಲವತ್ತೇಳು ವರ್ಷ.

ಅವರದು ಐದು ಜನ ಗಂಡಸರ ಗುಂಪು. ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಬಸ್ಸುಗಳು ಕೊನೆಯಾಗುವ ಕಡೆ, ಒಬ್ಬ ಇಂಗ್ಲಿಷ್ ಅಜ್ಜಿಯ ಹೊಲಗಳಿವೆ. ಚಳಿಗಾಲದಲ್ಲಿ ಕಾಡು ಪಾರಿವಾಳಗಳು ಹಿಂಡುಹಿಂಡಾಗಿ ಇಳಿದು ಅವಳ ಎಳೆಯ ಬೆಳೆಯನ್ನು ಬುಡದವರೆಗೆ ಮೇಯುತ್ತವೆ. ಅವನ್ನು ಹೊಡೆಯಲು ಆಕೆ ಈ ಗುಂಪಿಗೆ ಅನುಮತಿ ಕೊಟ್ಟಿದ್ದಳು. ಮೊದಲು ಅನುಮತಿ ಪಡೆದವನು ಆತನಾದ್ದರಿಂದ ಯಾರು ಎಲ್ಲಿ ಕೂರಬೇಕು, ಯಾವ ತೋಟಾ ಕೊಳ್ಳಬೇಕು, ಎಲ್ಲಕ್ಕೂ ಆತನದೇ ಕೊನೆಯ ಮಾತು.

ಲೈಸೆನ್ಸಿಗೆ ಅರ್ಜಿ ಹಾಕಿದೆ. ಪೊಲೀಸರು ಫ್ಲಾಟಿಗೆ ಬಂದು ನನ್ನನ್ನೂ ಗಂಡನನ್ನೂ ಮಾತಾಡಿಸಿ, ಕೋವಿ ಇಡಲೆಂದು ಗೋಡೆಗೆ ಬಿಗಿದ ಉಕ್ಕಿನ ಕಪಾಟನ್ನು ಅಲುಗಾಡಿಸಿ ನೋಡಿಹೋದರು. ನನ್ನ ಗಂಡ ಟ್ರಾಮ್ ಓಡಿಸುತ್ತಾರೆ. ಏರು ದನಿಯಲ್ಲಿ ಮಾತಾಡಿದವರಲ್ಲ. ಕಪಾಟಿಗೆ ಗೋಡೆ ಕೊರೆದವರೂ ಅವರೇ.

ಬಟ್ಟೆಬರೆಯ ವಿಷಯದಲ್ಲಿ ಆತ ಹೇಳಿದ್ದೆಲ್ಲ ಸರಿಯಾಗಿತ್ತು. ಮಳೆಗೆಂದು ಸರಬರ ಸದ್ದು ಮಾಡುವ ನೈಲಾನ್ ಜಾಕೆಟ್ ತರಬೇಡಿ, ಹಕ್ಕಿಗೆ ಕಣ್ಣಿಗಿಂತ ಕಿವಿ ಚುರುಕು ಅಂತಲ್ಲ, ಆದರೆ ರೆಕ್ಕೆಯ ಸದ್ದು ಕೇಳಲು ನಿಮ್ಮ ಕಿವಿ ನಿಮಗೆ ಬೇಕು ಎಂದಿದ್ದ. ಉಣ್ಣೆಯದು ಒದ್ದೆಯಾದರೂ ಬೆಚ್ಚಗಿರುತ್ತದೆ. ಕೈಗವಸು ಎರಡು ಜೊತೆ ಇರಲಿ. ಮುಖಕ್ಕೆ ಬಲೆ ಬೇಕೇ ಬೇಕು, ಬಿಳಿಯರ ಮುಖದಷ್ಟೇ ನಮ್ಮ ಮುಖವೂ ಬಿಸಿಲಿಗೆ ಹೊಳೆಯುತ್ತದೆ. ಕೂರಲು ಮುಚ್ಚಳವಿರುವ ಬಕೆಟ್ ತನ್ನಿ, ಹೋಗುವಾಗ ಅದರೊಳಗೆ ತೋಟಾ, ಬರುವಾಗ ಹಕ್ಕಿ. ಇವನ್ನೆಲ್ಲ ನಾನು ಈಗಲೂ ಪಾಲಿಸುತ್ತೇನೆ. ಇಷ್ಟು ಚೆನ್ನಾಗಿ ಹೇಳಿಕೊಟ್ಟವನು ಕೋವಿಯ ವಿಷಯದಲ್ಲಿ ಸುಳ್ಳು ಹೇಳುತ್ತಾನೆಂದು ನನಗೆ ಹೊಳೆಯಲಿಲ್ಲ.

"ಹೊಸದ್ಯಾಕೆ ತಗೋತೀರಿ? ನನ್ನ ಹಳೇದು ಸುಮ್ನೆ ಬಿದ್ದಿದೆ. ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಬೇಡ ಅನ್ಸಿದ ದಿನ ವಾಪಸ್ ಕೊಡಿ, ಅಷ್ಟೇ" ಎಂದ. ಜೋಡಿ ನಳಿಗೆಯ ಕೋವಿ. ಭುಜಕ್ಕೆ ಊರುವ ಮರದ ಭಾಗಕ್ಕೆ ಸ್ಟಾಕ್ ಅನ್ನುತ್ತಾರೆ. ಅದು ಅಕ್ರೋಟಿನ ಮರದ್ದು, ಜೇನಿನ ಬಣ್ಣ, ಅದರಲ್ಲಿ ಕಪ್ಪು ಗೆರೆಗಳು ಹೊಗೆಯಂತೆ ಹರಿದಿದ್ದವು. ಕಾಗದಪತ್ರ ಮಾಡಿಸಿ ತಂದೆ.

ಎಂಟು ತಿಂಗಳು ಆ ಕೋವಿ ಹಿಡಿದು ಕೂತೆ. ಹೊಡೆದದ್ದು ಆರೋ ಏಳೋ ಹಕ್ಕಿ. ಪ್ರತಿ ಗುಂಡಿಗೂ ಸ್ಟಾಕ್ ಬಂದು ನನ್ನ ಬಲಗೆನ್ನೆಯ ಮೂಳೆಗೆ ಬಡಿಯುತ್ತಿತ್ತು. ಎತ್ತುವಾಗ ಕಂಕುಳಲ್ಲಿ ಸಿಕ್ಕಿಕೊಂಡು, ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂರುತ್ತಿತ್ತು. ಮನೆಗೆ ಹೋಗಿ ನೋಡಿದರೆ ಕೆನ್ನೆ ನೀಲಿ, ತೋಳು ನೇರಳೆ. ಆತನಿಗೆ ತೋರಿಸಿದೆ.

"ಎಲ್ರಿಗೂ ಆಗತ್ತೆ ಮೇಡಂ. ಪ್ರಾಕ್ಟೀಸ್, ಇನ್ನೇನಿಲ್ಲ" ಎಂದ. ನನ್ನನ್ನು ಕೂರಿಸುತ್ತಿದ್ದುದು ರಸ್ತೆ ಪಕ್ಕದ ಕೆಳಗಿನ ಮೂಲೆಯಲ್ಲಿ. ನಾಯಿ ಅಡ್ಡಾಡಿಸುವವರ ಹಾದಿ ಅದು. ಮಧ್ಯಾಹ್ನದವರೆಗೆ ಸೂರ್ಯ ಕಣ್ಣಿಗೇ.

ಒಂದು ದಿನ ಜ್ವರವೆಂದು ಜಿಪಿ ಹತ್ತಿರ ಹೋದೆ. ಗಂಡನೂ ಜೊತೆಗೆ ಬಂದಿದ್ದರು. ರಕ್ತದೊತ್ತಡ ನೋಡಲು ತೋಳಿನ ಬಟ್ಟೆ ಮೇಲೆ ಮಾಡಿಸಿದ ಡಾಕ್ಟರಮ್ಮ ತೋಳನ್ನೂ ಕೆನ್ನೆಯನ್ನೂ ನೋಡಿದಳು. ಆಮೇಲೆ ನನ್ನ ಗಂಡನನ್ನು ಹೊರಗೆ ಕೂರಲು ಹೇಳಿದಳು. ಬಾಗಿಲು ಮುಚ್ಚಿಕೊಂಡ ಮೇಲೆ ಮೆಲ್ಲಗೆ ಕೇಳಿದಳು, ಮನೆಯಲ್ಲಿ ಎಲ್ಲ ಸರಿಯಿದೆಯೇ, ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು. ನಾನು ಕೋವಿಯಿಂದ ಆದದ್ದು ಎಂದೆ. ಮೆಟ್ಟಿಲ ಮೇಲೆ ಬಿದ್ದೆ ಎಂದು ಹೇಳುವ ಹೆಂಗಸರ ಮಾತನ್ನು ಕೇಳುವಂತೆ ಅವಳು ತಲೆದೂಗಿದಳು. ಆಕೆಯ ತಪ್ಪಲ್ಲ. ಆ ಕಲೆಗಳನ್ನು ನೋಡಿದರೆ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಮೇಲಾಗಿ ಕೋವಿ ಇರುವ ಮನೆ ಎಂದು ನಾನೇ ಹೇಳಿದ್ದೆ, ಅಂಥದ್ದನ್ನು ಪೊಲೀಸರಿಗೆ ತಿಳಿಸದೆ ಆಕೆ ಇರುವಂತಿರಲಿಲ್ಲ.

ನಾಲ್ಕು ದಿನಕ್ಕೆ ಇಬ್ಬರು ಪೊಲೀಸರು ಬಂದರು. ನನ್ನನ್ನು ಅಡುಗೆಮನೆಯಲ್ಲಿ, ಗಂಡನನ್ನು ಮಲಗುವ ಕೋಣೆಯಲ್ಲಿ ಬೇರೆಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳಿದರು. ಮರ್ಯಾದೆಯಿಂದಲೇ ಕೇಳಿದರು. ವಿಚಾರಣೆ ಮುಗಿಯುವವರೆಗೆ ಎಂದು ಕೋವಿಯನ್ನು ಚೀಲಕ್ಕೆ ಹಾಕಿ ಒಯ್ದರು. ಲಿಫ್ಟಿನಲ್ಲಿ ಪಕ್ಕದ ಮನೆಯವರಿದ್ದರು.

ಅವರು ಹೋದ ಮೇಲೆ ನನ್ನ ಗಂಡ ಹಾಸಿಗೆಯ ತುದಿಯಲ್ಲೇ ಕೂತಿದ್ದರು. "ನಾನ್ ಹೊಡಿತೆ ಅಂದೇಳಿ ಕೇಂಡ್ರಾ ನಿನ್ನತ್ರ?" ಎಂದರು.

"ಹೌದು."

"ನೀ ಎಂತ ಹೇಳ್ದೆ?"

"ಇಲ್ಲೆ ಅಂದೆ. ಮತ್ತೆಂತ ಹೇಳೂದ್?"

ಮೂರು ವಾರದ ಮೇಲೆ ಕೋವಿ ವಾಪಸ್ ಬಂತು. ಆದರೆ ಆ ದಿನದಿಂದ ನನ್ನ ಗಂಡ ಹೊರಗೆ ನನ್ನ ತೋಳು ಹಿಡಿಯುವುದನ್ನು ಬಿಟ್ಟರು. ಮಂಜುಗಟ್ಟಿ ಜಾರುವ ಮೆಟ್ಟಿಲಲ್ಲೂ ಎರಡು ಹೆಜ್ಜೆ ಹಿಂದೆ, ಕೈ ಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದರು. ಇದನ್ನೆಲ್ಲ ನಾನು ಗುಂಪಿನವರಿಗೆ ಹೇಳಿದ್ದೆ. ಆತ ಎಲ್ಲರ ಜೊತೆ ಚಾ ಕುಡಿಯುತ್ತಾ ಕೇಳಿಸಿಕೊಂಡು, "ಪಾಪ, ಸಾರ್‌ಗೆ ಒಳ್ಳೇ ಹೆಸರು ಬಂತು" ಎಂದು ನಕ್ಕಿದ್ದ. ಆಮೇಲೆ ನನ್ನ ಪಕ್ಕಕ್ಕೆ ಬಂದು, "ಸಾಕು ಅನ್ಸಿದ್ರೆ ಹೇಳಿ ಮೇಡಂ, ಕೋವಿ ನಾನೇ ವಾಪಸ್ ತಗೋತೀನಿ" ಎಂದ.

ಕೋವಿ ರಿಪೇರಿ ಮಾಡುವ ಒಬ್ಬ ಮುದುಕನ ಅಂಗಡಿಗೆ ನಾನು ಹೋದದ್ದು ನಳಿಗೆ ತೊಳೆಯುವ ಎಣ್ಣೆಗಾಗಿ. ಮುದುಕ ನನ್ನ ಕೆನ್ನೆ ನೋಡಿ, ಕೋವಿ ತಂದಿದ್ದೀಯಾ ಎಂದು ಕೇಳಿದ. ಕಾರಿನಲ್ಲಿತ್ತು, ತಂದೆ. ಖಾಲಿಯಿದೆಯೆಂದು ನೋಡಿಕೊಂಡು ನನ್ನ ಕೈಗೆ ಕೊಟ್ಟು ಎತ್ತು ಎಂದ. ಎತ್ತಿದೆ. ಮೊಣಕೈಯಿಂದ ಬೆರಳಿನವರೆಗೆ ಟೇಪು ಹಿಡಿದು ಅಳೆದ, ನಾನು ಗಿರಾಕಿಗಳ ತೋಳು ಅಳೆಯುವ ಹಾಗೆಯೇ. ಸ್ಟಾಕ್ ನಿನಗೆ ಒಂದೂವರೆ ಇಂಚು ಹೆಚ್ಚು ಉದ್ದ ಎಂದ. ಆಮೇಲೆ ಕೋವಿಯನ್ನು ತಲೆಕೆಳಗು ಮಾಡಿ ನಳಿಗೆಯ ಗೆರೆಯಲ್ಲಿ ಒಂದು ದಾರ ಎಳೆದು ತೋರಿಸಿದ. ಸ್ಟಾಕ್ ನೇರವಾಗಿರಲಿಲ್ಲ, ಒಂದು ಪಕ್ಕಕ್ಕೆ ಬಾಗಿತ್ತು. ಬಲಗೈಯವರದು ಕೆನ್ನೆಯಿಂದ ಆಚೆಗೆ ಬಾಗಿರುತ್ತದೆ, ಇದು ನಿನ್ನ ಕೆನ್ನೆಯೊಳಕ್ಕೆ ಬಾಗಿದೆ, ಇದು ಎಡಗೈಯವನಿಗಾಗಿ ಮಾಡಿಸಿದ ಕೋವಿ ಎಂದ.

ಕೋವಿ ಊರಿ ಸವೆದಿದ್ದ ಆತನ ಕೋಟಿನ ಎಡ ಭುಜದ ಚರ್ಮವನ್ನು ಹೊಲಿದವಳು ನಾನೇ. ಇಪ್ಪತ್ತು ವರ್ಷ ಊರವರ ಅಳತೆ ತೆಗೆದವಳು ನನ್ನ ಅಳತೆ ನೋಡಿಕೊಂಡಿರಲಿಲ್ಲ. ನಾಚಿಕೆ ಮೊದಲು ಬಂತು. ಕಾರಿನಲ್ಲಿ ಕೂತ ಮೇಲೆ ಸಿಟ್ಟು ಬಂತು. ಆತನಿಗೆ ಆಗಲೇ ಫೋನ್ ಮಾಡಿ ಬೈಯಬಹುದಿತ್ತು. ಮಾಡಲಿಲ್ಲ. ಬೈದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ.

ಮರುದಿನ ಅದೇ ಅಂಗಡಿಗೆ ಹೋಗಿ ಸ್ಟಾಕ್ ಕತ್ತರಿಸು ಎಂದೆ. ಮುದುಕ ಆ ಮರದ ಮೇಲೆ ಕೈಯಾಡಿಸಿ ಹಿಂದೆಮುಂದೆ ನೋಡಿದ. ಕತ್ತರಿಸಿದರೆ ಮತ್ತೆ ಮೊದಲಿನಂತಾಗುವುದಿಲ್ಲ, ಬೇರೆ ಕೋವಿ ಕೊಳ್ಳುವುದು ವಾಸಿ ಎಂದ. ಬೇಡ, ಇದನ್ನೇ ಕತ್ತರಿಸು ಎಂದೆ. ಒಂದೂವರೆ ಇಂಚು ಗರಗಸದಿಂದ ತೆಗೆದು, ಕುತ್ತಿಗೆಯ ಭಾಗಕ್ಕೆ ಬಿಸಿ ಎಣ್ಣೆ ಹೊಯ್ದು ಹೊಯ್ದು ಮೆತ್ತಗೆ ಮಾಡಿ ಈ ಪಕ್ಕಕ್ಕೆ ಬಾಗಿಸಿದ. ಹೊಸದಾಗಿ ಎತ್ತಿ ಹಿಡಿದಾಗ ಅದು ಚೆನ್ನಾಗಿ ಹೊಲಿದ ರವಿಕೆಯಂತೆ ಕೂತಿತು.

ಭುಜ ನೋವೆಂದು ಗುಂಪಿಗೆ ಸುಳ್ಳು ಹೇಳಿದೆ. ಸೆಪ್ಟೆಂಬರಿನಿಂದ ಪ್ರತಿ ಮಂಗಳವಾರ ಅಂಗಡಿ ಮುಚ್ಚಿ, ಗುರಿಗೆಂದು ಮಣ್ಣಿನ ಬಿಲ್ಲೆ ಹಾರಿಸುವ ಮೈದಾನಕ್ಕೆ ಹೋಗಿ ಅಭ್ಯಾಸ ಮಾಡಿದೆ. ಪ್ರತಿ ಗುರುವಾರ ಅಜ್ಜಿಯ ಹೊಲಕ್ಕೆ ಹೋದೆ, ಕೋವಿಯಿಲ್ಲದೆ. ಅವಳ ಹಳೆಯ ಕೋಟುಗಳ ಒಳಗೆ ಹೊಸ ಅಸ್ತರು ಹಾಕಿಕೊಟ್ಟೆ. ಬೇಲಿಯ ಬುಡದಲ್ಲಿ ಕೂತು ಪಾರಿವಾಳಗಳು ಯಾವ ಓಕ್ ಮರದಿಂದ ಹೊರಟು, ಯಾವ ಗಾಳಿಗೆ ಎಲ್ಲಿ ಇಳಿಯುತ್ತವೆ ಎಂದು ನೋಡಿದೆ. ಯಾರಾದರೂ ಸಲಕರಣೆಯ ಬಗ್ಗೆ ಕೇಳಿದರೆ ನಾನು ಇದನ್ನೇ ಮೊದಲು ಹೇಳುತ್ತೇನೆ. ದುರ್ಬೀನು, ಒಂದು ಫ್ಲಾಸ್ಕು, ಕೋವಿಯಿಲ್ಲದ ಹತ್ತು ದಿನ. ಜನವರಿಯ ಹೊತ್ತಿಗೆ ಅಜ್ಜಿಗೆ ಪಾರಿವಾಳದ ವಿಷಯದಲ್ಲಿ ಆತನಿಗಿಂತ ನನ್ನ ಮಾತಿನ ಮೇಲೆ ನಂಬಿಕೆ ಹೆಚ್ಚಾಗಿತ್ತು. ಫೆಬ್ರವರಿಯ ಒಂದು ಶನಿವಾರ ಎಲ್ಲರನ್ನೂ ಕರೆದು, ಇವತ್ತು ಯಾರು ಎಲ್ಲಿ ಕೂರಬೇಕೆಂದು ಈಕೆ ಹೇಳುತ್ತಾಳೆ ಎಂದುಬಿಟ್ಟಳು.

ಆತನನ್ನು ರಸ್ತೆ ಪಕ್ಕದ ಕೆಳಗಿನ ಮೂಲೆಗೆ ಕಳಿಸಿದೆ. ಅಜ್ಜಿ ಅಲ್ಲೇ ನಿಂತಿದ್ದಳು, ಆತ ಎದುರಾಡಲಿಲ್ಲ. ನಾನು ಓಕ್ ಮರದ ಕೆಳಗೆ ಹಸಿರು ಬಲೆ ಕಟ್ಟಿ, ಮುಂದೆ ಪ್ಲಾಸ್ಟಿಕ್ ಪಾರಿವಾಳಗಳನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ ಕೂತೆ. ಒಂಬತ್ತಕ್ಕೆ ಹಕ್ಕಿಗಳು ಶುರುವಾದವು. ಒಂದು ಗಂಟೆಯ ಹೊತ್ತಿಗೆ ನನ್ನ ಹತ್ತಿರ ಮೂವತ್ತೊಂದು ಬಿದ್ದಿದ್ದವು. ಉಳಿದವರಿಗೂ ಸಿಕ್ಕವು. ಕೆಳಗಿನ ಮೂಲೆಯಿಂದ ಬೆಳಗಿನಿಂದ ಎರಡೇ ಎರಡು ಸದ್ದು ಕೇಳಿಸಿತ್ತು. ಆ ಎರಡು ಸದ್ದಿಗೂ ನನಗೆ ನಗು ಬಂದಿತ್ತು.

ಆತ ಬರಿಗೈಯಲ್ಲಿ ಹೊಲ ಹತ್ತಿ ನನ್ನ ಮರೆಗೆ ಬಂದ. ಉಳಿದವರು ದೂರದಲ್ಲಿ ಹಕ್ಕಿ ಆರಿಸುತ್ತಿದ್ದರು.

"ಆ ಮೂಲೆಗೆ ಹಕ್ಕಿ ಬರಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಎಂಟು ತಿಂಗಳು ನನ್ನನ್ನ ಅಲ್ಲೇ ಕೂರಿಸಿದ್ರಲ್ಲ."

ಆಗ ಆತನ ಕಣ್ಣು ನನ್ನ ತೊಡೆಯ ಮೇಲಿದ್ದ ಕೋವಿಯ ಮೇಲೆ ಬಿತ್ತು. ಕತ್ತರಿಸಿದ ಜಾಗಕ್ಕೆ ಕಪ್ಪು ರಬ್ಬರು ಹಾಕಿಸಿದ್ದೆ. ಆತ ಬಗ್ಗಿ ನೋಡಿದ. ಮುಖ ಬಿಳಿಚಿತು.

"ಇದನ್ನ ಕಟ್ ಮಾಡಿಸಿದ್ರಾ ಮೇಡಂ?"

"ಹೌದು."

"ನಾನು ಈ ದೇಶಕ್ಕೆ ಬಂದು ತಗೊಂಡ ಮೊದಲ್ನೇ ಕೋವಿ ಅದು. ನನ್ನ ಅಳತೆಗೇ ಅಂತ ಮಾಡಿಸಿದ್ದು."

"ನಿಮ್ಮ ಅಳತೆಗೆ ಮಾಡಿಸಿದ್ದನ್ನ ನನಗೆ ಯಾಕೆ ಕೊಟ್ರಿ?"

ಆತ ನೆಟ್ಟಗಾಗಿ ಉಳಿದವರ ಕಡೆ ನೋಡಿದ. ನಾನೇ ಕೇಳಿದೆ, "ಎಡಗೈಯವರದ್ದು ಇದು, ನನ್ನ ಮುಖಕ್ಕೆ ಬಡೀತದೆ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು" ಎಂದ. "ಬೇಗ ಬಿಟ್ಬಿಡ್ತೀರಿ ಅಂದ್ಕೊಂಡೆ. ಗುಂಪಲ್ಲಿ ಲೇಡೀಸ್ ಇದ್ರೆ ನಾವು ನಾವಾಗಿ ಇರಕ್ಕಾಗಲ್ಲ. ಬರಬೇಡಿ ಅಂತ ಬಾಯಿಬಿಟ್ಟು ಹೇಳೋದು ಹೇಗೆ?"

"ಪೊಲೀಸರು ಬಂದ್ರು ಅಂದಾಗ ಹೇಳಬಹುದಿತ್ತು."

"ಆಗ ಹೇಳಿದ್ರೆ ನನ್ನ ಮಾನ ಹೋಗ್ತಿತ್ತು. ಸಾರಿ ಮೇಡಂ."

"ನನಗೆ ಬೇಡ. ನಾಳೆ ನಮ್ಮನೆಗೆ ಬಂದು ಅವರಿಗೆ ಹೇಳಿ. ಬರದಿದ್ರೆ ಅಜ್ಜಿಗೆ ಎಲ್ಲ ಹೇಳ್ತೇನೆ."

ಆತ ಬಂದ. ಅವತ್ತು ಲಿಫ್ಟು ಕೆಟ್ಟಿತ್ತು, ಆರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದ. ನನಗದು ಸಂತೋಷವೇ ಆಯಿತು. ಸೋಫಾದ ಅಂಚಿನಲ್ಲಿ ಕೂತು, ನನ್ನ ಗಂಡನ ಮುಖ ನೋಡದೆ, ಇಂಥ ಕೋವಿ ಎಂದು ಗೊತ್ತಿದ್ದೂ ಕೊಟ್ಟೆ, ಪೆಟ್ಟಾಗುವುದು ಗೊತ್ತಿದ್ದೂ ಸುಮ್ಮನಿದ್ದೆ, ನಿಮಗೆ ಅವಮಾನವಾದದ್ದು ನನ್ನಿಂದ ಎಂದು ಹೇಳಿದ. ನಾನು ಬಾಗಿಲ ಬಳಿ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ನನ್ನ ಗಂಡ ಕೊನೆಗೆ ಇಷ್ಟೇ ಅಂದರು, "ಚಾ ಕುಡೀರಿ, ತಣೀತದೆ."

ಆತ ಹೋದ ಮೇಲೆ ಲೋಟ ಎತ್ತುತ್ತಾ ನನ್ನನ್ನು ಕೇಳಿದರು, "ಇದನ್ನ ಮತ್ತೆ ಎಂತಕೆ ಎಬ್ಸ್ದೆ? ನಂಗೆ ಮರ್ತ್ ಹೋಯಿತ್."

"ನಿಮ್ಗೆ ಮರ್ತ್ ಹೋಯ್ಲಿಲ್ಲೆ. ಈಗ್ಲೂ ನನ್ನ ಕೈ ಹಿಡುಕೆ ಹೆದರ್ತ್ರಿ."

"ಅವ ಬಂದ್ ಹೇಳ್ರೆ ಅದ್ ಸರಿ ಆತ್ತಾ? ಪೊಲೀಸ್ರ್ ಕೇಂಡದ್ದನ್ನ ಇವತ್ತ್ ಎಲ್ಲ ಇನ್ನೊಂದ್ ಸಲ ಕೇಂಡ ಹಾಂಗ್ ಆಯ್ತ್ ನಂಗೆ" ಎಂದು ಅಡುಗೆಮನೆಗೆ ಹೋದರು. ಅವರಿಗಾಗಿ ಮಾಡಿದೆ ಎಂದುಕೊಂಡಿದ್ದೆ. ಮಾಡಿದ್ದು ನನಗಾಗಿಯೇ ಎಂದು ಆಗ ಅರ್ಥವಾಯಿತು. ಆದರೂ ಮಾಡಬಾರದಿತ್ತು ಎಂದು ಅನ್ನಿಸಲಿಲ್ಲ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡುವುದಿಲ್ಲ. ಬಂದು ಹೇಳಿದರೆ ಅಜ್ಜಿಗೆ ತಿಳಿಸುವುದಿಲ್ಲ ಎಂದು ಮಾತು ಕೊಟ್ಟಂತಾಗಿತ್ತು. ಆತ ಬಂದು ಹೇಳಿದ. ನಾನು ಆ ಗುರುವಾರವೇ ಹೋಗಿ ಅಜ್ಜಿಗೆ ತಿಳಿಸಿದೆ. ಅವಳು ಆತನ ಅನುಮತಿಯನ್ನು ರದ್ದು ಮಾಡಿ ಪತ್ರ ಹಾಕಿದಳು. ಹನ್ನೆರಡು ವರ್ಷ ಆತ ನೋಡಿಕೊಂಡ ಹೊಲ. ಮಾತು ಮುರಿದದ್ದಕ್ಕೆ ಸ್ವಲ್ಪ ನಾಚಿಕೆಯಿದೆ, ಹೆಚ್ಚಿಲ್ಲ. ಒಮ್ಮೆ ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಆತನ ಹೆಂಡತಿ ನನ್ನನ್ನು ಕಂಡು ಬೇರೆ ಸಾಲಿಗೆ ಹೋದಳು. ಅವಳ ಮೂರು ಬ್ಲೌಸುಗಳನ್ನು ನಾನು ಹೊಲಿದಿದ್ದೆ. ಅವಳ ವಿಷಯದಲ್ಲಿ ಮಾತ್ರ ಬೇಸರವಾಯಿತು.

ಕಳೆದ ಚಳಿಗಾಲ ಒಬ್ಬ ನರ್ಸ್ ಹುಡುಗಿ ಗುಂಪಿಗೆ ಸೇರಿದಳು. ಅವಳನ್ನು ಆ ಮುದುಕನ ಅಂಗಡಿಗೆ ಕರೆದೊಯ್ದು ಐದು ಕೋವಿಗಳನ್ನು ಎತ್ತಿಸಿ ನೋಡಿದೆವು. ಗಂಡಸರ ಹಳೆಯ ಕೋವಿ ತೆಗೆದುಕೊಳ್ಳಬೇಡ, ಕೆನ್ನೆಗೆ ಒಂದೇ ಒಂದು ಸಲ ಬಡಿದರೂ ನಿಲ್ಲಿಸಿ ಕಾರಣ ಕೇಳು ಎಂದೆ. ಪಾರಿವಾಳದ ಎದೆ ಭಾಗವನ್ನಷ್ಟೇ ತೆಗೆದು ತುಪ್ಪ, ಬ್ಯಾಡಗಿ ಮೆಣಸು ಹಾಕಿ ಹುರಿಯುವುದನ್ನೂ ಹೇಳಿಕೊಟ್ಟೆ. ನಿಮಗೆ ಇದನ್ನೆಲ್ಲ ಯಾರು ಕಲಿಸಿದರು ಎಂದು ಅವಳು ಕೇಳಿದಾಗ, ಆತನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಹೆಸರು, ಕಂಪನಿ, ಮನೆಯಿರುವ ಬೀದಿ ಸಮೇತ.