ಒಂದು ಮುಚ್ಚಳ ಫಿನಾಯಿಲ್

ಅಣ್ಣನ ಹೆಂಡತಿಯ ಮೂಗಿನ ವಿಷಯ ನನಗೆ ಗೊತ್ತಾದದ್ದು ಅವರ ಮೊಣಕಾಲು ಉಳುಕಿದ ವಾರ. ಇಪ್ಪತ್ತು ವರ್ಷದಿಂದ ನಾಲ್ಕು ಮನೆಗಳ ನೆಲ ಒರೆಸುತ್ತಿರುವ ಹೆಂಗಸು ಅತ್ತಿಗೆ. ಬಕೆಟ್ ಎತ್ತಲಾಗುವುದಿಲ್ಲ ಎಂದು ಕರೆದರು. ಇಸ್ತ್ರಿ ಅಂಗಡಿಗೆ ರಜೆ ಹಾಕಿ ಹೋದೆ.

ಎರಡನೇ ಮಹಡಿಯ ಮನೆಯಲ್ಲಿ ಎರಡು ತಿಂಗಳ ಕೂಸು ಬಿಡದೆ ಕೆಮ್ಮುತ್ತಿತ್ತು. ಕೂಸಿನ ಅಜ್ಜಿಯೇ ಆ ಮನೆಯ ಯಜಮಾನಿ. ಬಾಗಿಲಲ್ಲೇ ಅತ್ತಿಗೆಯ ಮೇಲೆ ಶುರುಮಾಡಿದರು: "ನೀನು ನೆಲ ಸರಿಯಾಗಿ ಒರ್ಸಲ್ಲ, ಅದಕ್ಕೇ ಮಗು ಕೆಮ್ಮು ಹೋಗ್ತಿಲ್ಲ. ಇನ್ನೂ ಸ್ವಲ್ಪ ಫಿನಾಯಿಲ್ ಹಾಕು." ಆ ಬೀದಿಯ ಯಜಮಾನಿಯರೆಲ್ಲ ನೆಲ ನೋಡುವುದೇ ಮೂಗಿನಿಂದ. ಬಾಗಿಲು ತೆಗೆದೊಡನೆ ಘಂ ಎಂದರೆ ಮನೆ ಚೊಕ್ಕಟ. ಇಲ್ಲದಿದ್ದರೆ ಅತ್ತಿಗೆ ಕೆಲಸಗಳ್ಳಿ!

ಬಕೆಟ್ಟಿಗೆ ಒಂದೇ ಮುಚ್ಚಳ ಎಂದು ಬಾಟಲಿಯ ಮೇಲೆಯೇ ಬರೆದಿತ್ತು. ಅತ್ತಿಗೆ ಗಳಗಳನೆ ಸುರಿದರು. ನನ್ನ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ.

"ಅಯ್ಯೋ ಸಾಕು ಅತ್ತಿಗೆ! ಏನ್ ಘಾಟು ಇದು!"

"ಎಲ್ಲೇ? ನಂಗೇನೂ ಬರ್ತಿಲ್ವಲ್ಲ," ಎಂದು ಬಗ್ಗಿ ಮೂಸಿದರು. "ಈಗಿನ ಬಾಟ್ಲಿಗಳೆಲ್ಲ ಬರೀ ನೀರು ಕಣೇ. ಅದಕ್ಕೇ ಜಾಸ್ತಿ ಹಾಕೋದು."

ನನಗೆ ತಲೆಬುಡ ತಿಳಿಯಲಿಲ್ಲ. ಸಂಜೆ ಬೆಳ್ಳುಳ್ಳಿ ಜಜ್ಜಿ ಅವರ ಮೂಗಿನ ಕೆಳಗೆ ಹಿಡಿದೆ. ಸೀಮೆಎಣ್ಣೆ ಹಿಡಿದೆ. ಊಹೂಂ, ಇಪ್ಪತ್ತು ವರ್ಷದ ಘಾಟಿಗೆ ಮೂಗು ಸತ್ತೇಹೋಗಿತ್ತು. ಅತ್ತಿಗೆ ಪೆಚ್ಚಾಗಿ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಆ ಮನೆಗಳ ಬಕೆಟ್ ನೀರೆಲ್ಲ ಇಳಿದು ಬರುವುದು ನಮ್ಮ ಮನೆಯ ಹಿಂದಿನ ಚರಂಡಿಗೇ. ಬಿಳಿ ನೊರೆ ತೇಲುತ್ತಿತ್ತು.

"ಇಲ್ಲಿ ಮೊದ್ಲು ಕಪ್ಪೆ ಕೂಗ್ತಿದ್ವು ಅಲ್ವೇನೇ? ಈ ನೊರೇಲಿ ನಂದೆಷ್ಟು?" ಎಂದರು. ಮೊಣಕಾಲು ನೀವಿಕೊಳ್ಳುತ್ತ, "ಕೂಸಿನ ಕೆಮ್ಮೂ ನಂದೇನಾ?"



ಮಾರನೆಯ ದಿನದಿಂದ ಆ ಮನೆಯಲ್ಲಿ ಅತ್ತಿಗೆ ಬಾಟಲಿ ಮುಟ್ಟಲಿಲ್ಲ. ಬರೀ ಬಿಸಿನೀರು. ನಾಲ್ಕು ದಿನದಲ್ಲಿ ಕೆಮ್ಮು ತಗ್ಗಿತು. ಐದನೆಯ ದಿನ ಯಜಮಾನಿ ಅಡ್ಡ ನಿಂತರು.

"ಘಮಾನೇ ಇಲ್ಲ. ಬಾಟ್ಲಿ ಮನೆಗೆ ಸಾಗಿಸ್ತಿದೀಯಾ?"

"ಇಲ್ಲಮ್ಮಾ, ಮಗುಗೆ ಅದು ಆಗ್ತಿಲ್ವೇನೋ ಅಂತ ಹಾಕ್ಲಿಲ್ಲ. ಕೆಮ್ಮು ಕಡಿಮೆ ಆಯ್ತಲ್ಲ..."

"ಕಡಿಮೆ ಆಗಿದ್ದು ಡಾಕ್ಟ್ರ ಔಷಧಿಯಿಂದ. ನಾಳೆಯಿಂದ ಬರ್ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ಮಾತ್ರ, "ಔಷಧಿಯಿಂದಲೇ ಇರಬಹುದೇನೋ" ಎಂದು ಗೊಣಗುತ್ತ ಮನೆಗೆ ಬಂದರು. ಅವರಿಗಾದರೂ ಏನು ಗೊತ್ತು?

ಮುಂದಿನ ವಾರ ಅದೇ ಬೀದಿಯಲ್ಲಿ ಬರುತ್ತಿದ್ದೆವು. ಮೇಲಿನಿಂದ ಕೂಸಿನ ಕೆಮ್ಮು ಕೇಳಿಸಿತು, ಮೊದಲಿಗಿಂತ ಜೋರಾಗಿ. ನಾನು ಬೇಡವೆಂದು ಸೆರಗು ಎಳೆದರೂ ಅತ್ತಿಗೆ ಕುಂಟುತ್ತಲೇ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು.

"ಬೇರೆಯವಳು ಸಿಕ್ಕಿದಾಳಮ್ಮ," ಎಂದರು ಯಜಮಾನಿ.

"ಕೆಲಸ ಬೇಡಮ್ಮಾ. ಘಾಟು ಹೊರಗೆ ಹೋಗ್ಲಿ, ಮಗು ಕೋಣೆ ಕಿಟಕಿ ಒಂಚೂರು ತೆಗೀರಿ, ಅಷ್ಟೇ ಸಾಕು."

ಯಜಮಾನಿ ನಿಜವಾಗಿಯೂ ಅರ್ಥವಾಗದೆ ಅತ್ತಿಗೆಯ ಮುಖ ನೋಡಿದರು.

"ಕಿಟಕಿ ತೆಗೆದ್ರೆ ಗಲೀಜು ಒಳಗೆ ಬರುತ್ತಲ್ಲ?"