ಬ್ಯಾಂಕಿನವರಿಗೆ ನೀರು ಕೊಡದ ದಿನ

ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡುತ್ತೇವೆ. ಕರೆಂಟ್ ಬಿಲ್ಲು ಹಿಡಿದು ಬಂದವನಿಗೂ ಕೊಡುತ್ತೇವೆ, ಬೇಲಿ ಜಗಳಕ್ಕೆ ಬಂದವನಿಗೂ ಕೊಡುತ್ತೇವೆ. ನೀರು ಕುಡಿದಾದ ಮೇಲೆ ಬೇಕಾದರೆ ಜಗಳ. ಹೊಳಲ್ಕೆರೆಯ ಈ ಮನೆಗೆ ನಾನು ಸೊಸೆಯಾಗಿ ಬಂದು ಐವತ್ತು ವರ್ಷ ದಾಟಿತು. ಅಷ್ಟೂ ವರ್ಷದಲ್ಲಿ ಒಬ್ಬನಿಗೆ ಮಾತ್ರ, ಅದೂ ಮೇ ತಿಂಗಳ ಬಿಸಿಲಲ್ಲಿ ಬಂದವನಿಗೆ, ಅದೂ ಬಾಯಿಬಿಟ್ಟು ಕೇಳಿದವನಿಗೆ, ನಾನು ಎದ್ದು ನೀರು ಕೊಡಲಿಲ್ಲ. ಬೇಕೆಂತಲೇ ಕೊಡಲಿಲ್ಲ. ಈಗಲೂ ಐ ಆಮ್ ನಾಟ್ ಸಾರಿ.

ಚಿತ್ರದುರ್ಗದ ಕಾನ್ವೆಂಟಿನಲ್ಲಿ ನಮಗೆ ನೀಡಲ್‌ವರ್ಕ್ ಕಲಿಸಿದ ಸಿಸ್ಟರ್ ಮಹಾ ಕಟ್ಟುನಿಟ್ಟು. ನಾವು ಹೂವು, ಬಳ್ಳಿ, ಗಿಳಿ ಎಲ್ಲ ಕಸೂತಿ ಹಾಕಿ ಹೆಮ್ಮೆಯಿಂದ ಒಯ್ದರೆ ಆಕೆ ಅದನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ಮಗುಚಿ, ‘ಶೋ ಮಿ ದ ರಾಂಗ್ ಸೈಡ್, ಚೈಲ್ಡ್’ ಎನ್ನುತ್ತಿದ್ದರು. ಹಿಂಬದಿಯಲ್ಲಿ ದಾರ ಗೋಜಲಾಗಿದ್ದರೆ ಮುಂಬದಿಯ ಗಿಳಿ ಎಷ್ಟು ಚೆಂದವಿದ್ದರೂ ಬಿಚ್ಚಲೇಬೇಕು. ಹತ್ತನೆಯ ಕ್ಲಾಸು ಮುಗಿದಾಗ ಅದೇ ಸಿಸ್ಟರ್, ಚಿಕ್ಕ ಮಕ್ಕಳಿಗೆ ಹೊಲಿಗೆ ಕಲಿಸಲು ಬಾ, ಸಂಬಳ ಕೊಡುತ್ತೇವೆ ಎಂದರು. ನಮ್ಮಪ್ಪ ಒಂದೇ ಮಾತು ಹೇಳಿದರು: ‘ನಮ್ಮನೆ ಹೆಣ್ಮಕ್ಳು ಸಂಬಳ ಎಣಿಸಂಗಿಲ್ಲ.’ ನಾನು ಎದುರು ಮಾತಾಡಲಿಲ್ಲ. ಮಾತಾಡಬಹುದಿತ್ತು ಎಂದು ಹೊಳೆಯುವ ಹೊತ್ತಿಗೆ ಮದುವೆಯಾಗಿ ಎರಡು ಮಕ್ಕಳಾಗಿದ್ದವು.

ಆ ವರ್ಷ ನಾನು ಹಾಕಿದ್ದ ಟೇಬಲ್‌ಕ್ಲಾತ್ ಒಂದಿದೆ. ಬಿಳಿ ಬಟ್ಟೆ, ಸುತ್ತ ನೀಲಿ ಹೂವಿನ ಅಂಚು. ನನ್ನನ್ನು ನೋಡಲು ಹೊಳಲ್ಕೆರೆಯಿಂದ ಗಂಡಿನ ಕಡೆಯವರು ಬಂದಾಗ ಅಮ್ಮ ಅದನ್ನೇ ಹಾಸಿ ಮೇಲೆ ಉಪ್ಪಿಟ್ಟಿನ ತಟ್ಟೆ ಇಟ್ಟಿದ್ದಳು. ನಾನು ಕಾಫಿಯ ಟ್ರೇ ಹಿಡಿದು ನಿಂತಿದ್ದೆ. ನಮ್ಮತ್ತೆ ತಟ್ಟೆ ಸರಿಸಿ ಅಂಚು ಮುಟ್ಟಿ ನೋಡಿ, ‘ಕೈ ಚೊಲೋ ಐತೆ’ ಎಂದರು. ಅಲ್ಲಿಗೆ ಸಂಬಂಧ ಕುದುರಿತು. ಟೇಬಲ್‌ಕ್ಲಾತ್ ನನ್ನ ಜೊತೆ ಬಂದು ಟ್ರಂಕಿನ ತಳ ಸೇರಿತು.

ಯಜಮಾನರು ಹೋದ ಎರಡು ವರ್ಷಕ್ಕೆ ನಾನು ಮತ್ತೆ ಹೊಲಿಗೆಗೆ ಕೂತೆ. ಭೀಮಸಮುದ್ರದಲ್ಲಿ ನೆಂಟರ ಮನೆಯ ಹಿಂದೆ ಹೆಂಗಸರು ಅಡಿಕೆ ಸುಲಿಯುವುದನ್ನು ನೋಡಿದ್ದೇ ಅದಕ್ಕೆ ಕಾರಣ. ಅಡಿಕೆ ಕಲೆ ಒಮ್ಮೆ ಸೀರೆಗೆ ಹತ್ತಿದರೆ ಸೀರೆಯ ಜೊತೆಗೇ ಸಾಯುತ್ತದೆ. ಅದಕ್ಕೆ ಅವರೆಲ್ಲ ಗಂಡಂದಿರ ಹಳೆ ಅಂಗಿ ತೊಟ್ಟು ಕೂತಿದ್ದರು. ತೋಳು ಒಬ್ಬಳಿಗೆ ಉದ್ದ, ಗುಂಡಿ ಇನ್ನೊಬ್ಬಳಿಗೆ ಹತ್ತುವುದೇ ಇಲ್ಲ. ಮನೆಗೆ ಬಂದವಳೇ ಒಂದು ಏಪ್ರನ್ ಹೊಲಿದೆ. ದಪ್ಪ ಬಟ್ಟೆ, ಮಣಿಕಟ್ಟಿನವರೆಗೆ ತೋಳು, ಬೆನ್ನಿಗೆ ಕಟ್ಟುವ ಲಾಡಿ, ಮಡಿಲಿಗೆ ಎರಡು ಪದರ. ಸುಲಿಯುವವಳೊಬ್ಬಳು ತೊಟ್ಟು ನೋಡಿ, ‘ಅಮ್ಮಾರೆ, ಇದು ನನ್ನ ಮೈಗೇ ಹೊಲಿದಂಗೈತೆ’ ಎಂದಳು. ‘ನಿನಗೇ ಹೊಲಿದದ್ದು’ ಎಂದೆ. ಇಷ್ಟು ವರ್ಷ ಅಡಿಕೆ ಸುಲಿದು ಬೆರಳೆಲ್ಲ ಕಂದಾಗಿದ್ದ ಅವಳೇ ಮುಂದೆ ನನ್ನ ಬಳಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಬಂದಳು. ದಿನಾ ಬಸ್ಸಿನಲ್ಲಿ ಬರುತ್ತಾಳೆ. ಇನ್ನೊಬ್ಬಳು ನಮ್ಮ ಬೀದಿಯವಳು, ಮಾತು ಕಮ್ಮಿ, ಹೊಲಿಗೆ ಬಾಣದಂತೆ ನೇರ. ಮೂರು ಮಷಿನ್ನು ನಮ್ಮ ನಡುಮನೆಯಲ್ಲಿ.

ಹೀಗಿರುವಾಗ ಭೀಮಸಮುದ್ರದ ಅಡಿಕೆ ಸಾಹುಕಾರರೊಬ್ಬರು ಮುನ್ನೂರು ಏಪ್ರನ್ ಕೇಳಿದರು. ಕೊಯ್ಲಿಗೆ ಮೊದಲು ಬೇಕು. ಅವರ ಆಡಿಟರ್ ಬೇರೆ ತಕರಾರಿನವನಂತೆ: ಬಿಲ್ಲು ಯಾವ ಹೆಸರಲ್ಲಿದೆಯೋ ಅದೇ ಹೆಸರಿನ ಬ್ಯಾಂಕ್ ಖಾತೆಗೇ ದುಡ್ಡು. ‘ಜೂನ್ ಮುಗಿಯಾದ್ರೊಳಗೆ ಖಾತೆ ನಂಬರ್ ಕೊಡ್ರಿ ಅಮ್ಮ. ಇಲ್ಲಾಂದ್ರೆ ದಾವಣಗೆರೆಯಿಂದ ತರಿಸ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ’ ಎಂದರು.

ಬ್ಯಾಂಕಿನಲ್ಲಿ ಖಾತೆ ತೆರೆಯುವ ಮೇಜಿನ ಹಿಂದೆ ಇದ್ದವನು ಹಿರಿಯೂರು ಕಡೆಯ ಹುಡುಗ, ಮೂವತ್ತರ ಆಸುಪಾಸು. ಒಳ್ಳೆಯವನೇ. ಒಳ್ಳೆಯವರ ಜೊತೆ ಜಗಳವಾಡುವುದು ಇನ್ನೂ ಕಷ್ಟ.

‘ಅಮ್ಮಾ, ಸೇವಿಂಗ್ಸ್ ಖಾತೆ ಇಲ್ಲೇ ಐತಲ್ಲ, ಅದ್ರಾಗೇ ಹಾಕಿಸ್ಕಳ್ರಿ.’

‘ಅದು ನಮ್ಮ ಯಜಮಾನರ ಪೆನ್ಷನ್ ಬರೋ ಖಾತೆ. ನನಗೆ ಬೇಕಿರೋದು ನನ್ನ ಕಸುಬಿನ ಖಾತೆ. ಕರೆಂಟ್ ಅಕೌಂಟ್.’

‘ಮಗನ ಹೆಸರಲ್ಲಿ ಮಾಡಿಸಿದ್ರೆ ಸಲೀಸಾಗ್ತಿತ್ತು. ಓಡಾಡೋರು ಅವರೇ ಅಲ್ವಾ?’

‘ಇವತ್ತು ಇಲ್ಲಿವರೆಗೆ ಓಡಾಡ್ಕೊಂಡು ಬಂದಿರೋದು ಯಾರಪ್ಪ?’

ನಕ್ಕ. ‘ಅಲ್ಲಮ್ಮ, ಈ ವಯಸ್ಸಿಗೆ ಯಾಕೆ ಇದೆಲ್ಲ ಅಂತ.’

‘ಫಾರ್ಮಿನಲ್ಲಿ ಡೇಟ್ ಆಫ್ ಬರ್ತ್ ಅಂತ ಕಾಲಂ ಐತೆ, ತುಂಬಿದೀನಿ. ಯಾಕೆ ಅಂತ ಕಾಲಂ ಎಲ್ಲೈತೆ ತೋರಿಸು, ಅದನ್ನೂ ತುಂಬ್ತೀನಿ.’

ಪಕ್ಕದ ಸಾಲಿನಲ್ಲಿ ನಿಂತಿದ್ದ ಗೊಬ್ಬರದ ಅಂಗಡಿಯವರು ಕಿಸಕ್ಕನೆ ನಕ್ಕರು. ಹುಡುಗ ಚೀಟಿಯಲ್ಲಿ ಪಟ್ಟಿ ಬರೆದುಕೊಟ್ಟ. ಪ್ಯಾನ್, ಆಧಾರ್, ಟ್ರೇಡ್ ಲೈಸೆನ್ಸ್, ರಬ್ಬರ್ ಸ್ಟಾಂಪು. ಒಂದೊಂದನ್ನೂ ನಾನೇ ಹೋಗಿ ತಂದೆ. ಆಟೋದಲ್ಲಿ, ಒಮ್ಮೆ ನಡೆದು. ಮಗ, ‘ನಾನು ಮಾಡಿಸ್ಕೊಂಡು ಬರ್ತೀನಲ್ಲಮ್ಮ’ ಎಂದ. ‘ನೋ, ಥ್ಯಾಂಕ್ಯೂ’ ಎಂದೆ. ಎಲ್ಲ ಕೊಟ್ಟ ಮೇಲೆ ಉಳಿದದ್ದು ಒಂದೇ. ಬ್ಯಾಂಕಿನವರು ಮನೆಗೆ ಬಂದು ಕಸುಬು ನಡೆಯುವ ಜಾಗ ನೋಡಿ, ಫೋಟೋ ತೆಗೆದು, ವರದಿ ಬರೆಯಬೇಕು. ‘ಗುರುವಾರ ಬರ್ತೀನಮ್ಮ’ ಎಂದ ಹುಡುಗ.

ಇಲ್ಲಿ ನಡೆದ ತಪ್ಪು ನನ್ನದು. ಸೊಸೆಯ ಮೇಲೆ ಹಾಕುವುದಿಲ್ಲ.

ಬ್ಯಾಂಕಿನವರು ಬರುತ್ತಾರೆ ಎಂದ ಕೂಡಲೇ ನಾನೂ ಸೊಸೆಯೂ ಬುಧವಾರ ಮಧ್ಯಾಹ್ನದಿಂದಲೇ ಮನೆ ಒಪ್ಪಮಾಡಲು ನಿಂತೆವು. ಬಟ್ಟೆಯ ಥಾನುಗಳು ಅಟ್ಟಕ್ಕೆ ಹೋದವು. ಮೂರು ಮಷಿನ್ನುಗಳನ್ನು ಎತ್ತಿ ಬಚ್ಚಲುಮನೆಯಲ್ಲಿ ಹಂಡೆಯ ಪಕ್ಕ ಇಟ್ಟು ಮೇಲೆ ಹಳೆ ಜಮಖಾನ ಹೊದಿಸಿದೆವು. ದಾರದ ಚೂರು ಒಂದೂ ಇಲ್ಲದಂತೆ ನೆಲ ಗುಡಿಸಿ ಒರೆಸಿದೆವು. ಗೇಟಿಗೆ ಹಾಕಿದ್ದ ನಮ್ಮ ಹೊಲಿಗೆಯ ಬೋರ್ಡು ಧೂಳಾಗಿದೆ ಎಂದು ಸೊಸೆ ಅದನ್ನೂ ಬಿಚ್ಚಿ ತೊಳೆದು ಹಿತ್ತಲಲ್ಲಿ ಒಣಗಲು ಇಟ್ಟಳು. ಟ್ರಂಕಿನಿಂದ ಆ ಟೇಬಲ್‌ಕ್ಲಾತ್ ತೆಗೆದವಳು ಮಾತ್ರ ನಾನೇ.

ಇಬ್ಬರು ಹೆಂಗಸರಿಗೂ ‘ನಾಳೆ ಬರಬೇಡಿ, ನಾಡಿದ್ದು ಬನ್ನಿ’ ಎಂದೆ. ಕತ್ತರಿಸುವವಳು ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದಳು: ‘ಯಾಕ್ರಮ್ಮ, ಬೀಗರು ಬರ್ತಾರೇನು?’

‘ಬ್ಯಾಂಕ್‌ನೋರು ಬರ್ತಾರೆ.’

‘ಮತ್ತೆ ನಾವೇ ಇಲ್ದಿದ್ರೆ ಅವ್ರು ನೋಡಾದೇನು, ನಿಮ್ಮ ಸೋಫಾನಾ?’

ನಾನು ನಕ್ಕು ಬಿಟ್ಟೆ. ಆಗಲೇ ಕಿವಿಗೊಡಬೇಕಿತ್ತು.

ಗುರುವಾರ ಹುಡುಗ ಬಂದ. ಬರ್ರಿ, ಕುಂತ್ಕಳ್ರಿ, ನೀರು, ಉಪ್ಪಿಟ್ಟು, ಬಾಳೆಹಣ್ಣು, ಕಾಫಿ. ‘ಕೆಲಸ ಎಲ್ಲಿ ನಡೀತೈತಮ್ಮ?’ ಎಂದು ಎರಡು ಸಲ ಕೇಳಿದ. ಬ್ಯಾಂಕಿನ ಆಫೀಸರನ್ನು ಬಚ್ಚಲುಮನೆಗೆ ಹೇಗೆ ಕರೆದೊಯ್ಯಲಿ? ‘ಎಲ್ಲ ಒಳಗಡೆ ಐತಪ್ಪ, ಮೊದಲು ತಿಂಡಿ ಆಗ್ಲಿ’ ಎಂದೆ. ತಿಂಡಿ ಮುಗಿಯುವ ಹೊತ್ತಿಗೆ ಅವನಿಗೆ ಹೊರಕೆರೆದೇವಪುರದಿಂದ ಫೋನು ಬಂತು, ಅಲ್ಲೂ ಒಂದು ಮನೆ ನೋಡಬೇಕಂತೆ. ನಿಂತಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದು, ಉಪ್ಪಿಟ್ಟು ಹೊಗಳಿ ಹೊರಟ. ಸೊಸೆ, ‘ಎಷ್ಟು ಚೆನ್ನಾಗಾಯ್ತಲ್ಲ ಅತ್ತೆ’ ಎಂದಳು. ನನಗೂ ಹಾಗೇ ಅನಿಸಿತ್ತು.

ಹತ್ತು ದಿನವಾದರೂ ಸುದ್ದಿ ಇಲ್ಲ. ಬ್ಯಾಂಕಿಗೆ ಹೋದೆ. ಹುಡುಗ ನನ್ನ ಮುಖ ನೋಡದೆ ಕಂಪ್ಯೂಟರ್ ತಿರುಗಿಸಿದ.

‘ನಾನೇನು ಮಾಡ್ಲಮ್ಮ. ಕಂಡಿದ್ದನ್ನೇ ಬರೀಬೇಕು. ಮ್ಯಾಲಿನೋರು ವಾಪಸ್ ಕಳಿಸ್ಯಾರೆ. ಇದ್ರಾಗೆ ಬಿಸಿನೆಸ್ ಎಲ್ಲೈತೆ, ನೀವೇ ಹೇಳ್ರಿ.’

ಪರದೆಯ ಮೇಲೆ ನಮ್ಮ ಮನೆ ಇತ್ತು. ಸೋಫಾ, ಟೀವಿ, ನೀಲಿ ಅಂಚಿನ ಟೇಬಲ್‌ಕ್ಲಾತ್. ಅದರ ಹಿಂದೆ ಟ್ರೇ ಹಿಡಿದು ನಗುತ್ತ ನಿಂತ ಒಬ್ಬ ಮುದುಕಿ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ವಾಸದ ಮನೆ ಮಾತ್ರ, ಯಾವ ವ್ಯವಹಾರವೂ ಕಂಡುಬರಲಿಲ್ಲ.

ಸುಳ್ಳು ಬರೆದಿದ್ದಾನೆ ಎನ್ನುವಂತಿರಲಿಲ್ಲ. ಅವನು ನೋಡಿದ್ದು ಅದನ್ನೇ, ನಾನು ತೋರಿಸಿದ್ದೂ ಅದನ್ನೇ. ಅಂದು ನಮ್ಮತ್ತೆಯ ಮುಂದೆ ಟ್ರೇ ಹಿಡಿದು ನಿಂತ ಹುಡುಗಿಯೇ ಇಲ್ಲಿ ತಲೆ ನರೆತು ನಿಂತಿದ್ದಳು. ಕೈ ಚೊಲೋ ಐತೆ, ಅಷ್ಟೇ. ಸಿಟ್ಟು ಅಂಗಾಲಿನಿಂದ ಏರಿತು. ಅವನ ಮೇಲಲ್ಲ, ಆ ಟ್ರೇಯ ಮೇಲೆ.

‘ಇನ್ನೊಂದ್ಸಲ ಬಾ’ ಎಂದೆ.

‘ಅಮ್ಮಾ, ಎರಡನೇ ಸಲ ಅಂದ್ರೆ ಮ್ಯಾನೇಜರ್ರು...’

‘ಮ್ಯಾನೇಜರ್ ಹತ್ರ ನಾನೇ ಮಾತಾಡ್ತೀನಿ. ಇಂಗ್ಲಿಷಲ್ಲಿ ಮಾತಾಡ್ಲೋ, ಕನ್ನಡದಲ್ಲೋ? ನೀನು ಬರೋದಾದ್ರೆ ಈ ಸಲ ದಿನ ಹೇಳಬೇಡ. ಹೇಳದೆ ಬಾ.’

ಒಪ್ಪಿಕೊಂಡ.

ಮನೆಗೆ ಬಂದು, ಶುಕ್ರವಾರವೇ ನಡುಮನೆಗೆ ಮರಳಿದ್ದ ಮಷಿನ್ನುಗಳನ್ನು ಬಾಗಿಲಿಗೆ ಎದುರಾಗಿ ಎಳೆಸಿದೆ. ಹಿತ್ತಲಲ್ಲೇ ಉಳಿದಿದ್ದ ಬೋರ್ಡು ಗೇಟಿಗೆ ಮತ್ತೆ ಏರಿತು. ಅಂದಿನಿಂದ ಈ ಮನೆಯಲ್ಲಿ ಹಗಲು ಹೊತ್ತು ಕಸಬರಿಗೆ ಆಡಕೂಡದು ಎಂದು ಆರ್ಡರ್ ಮಾಡಿದೆ. ‘ಯಾರೇ ಬರಲಿ, ನಾವು ಕೂತಲ್ಲಿಂದ ಏಳೋದಿಲ್ಲ.’

ಸೊಸೆಗೆ ಅಳು ಬರುವಂತಾಯಿತು. ‘ಅತ್ತೆ, ಒಂದ್ ಲೋಟ ನೀರಾದ್ರೂ...’

‘ನೀರು ಕೊಟ್ಟರೆ ಅವನು ಕೂರ್ತಾನೆ. ಕೂತರೆ ಕಾಫಿ ಕೊಡ್ತೀವಿ. ಕಾಫಿ ಕೊಟ್ಟರೆ ಅವನು ನೆಂಟ ಆಗ್ತಾನೆ. ನನಗೆ ನೆಂಟ ಬೇಡ.’

ಕತ್ತರಿಸುವವಳು ಕತ್ತರಿ ನಿಲ್ಲಿಸದೆಯೇ ಹೇಳಿದಳು: ‘ನಮ್ಮನ್ನ ಮನೆಗೆ ಕಳಿಸಿದ್ರಲ್ಲ, ಅದಕ್ಕೇ ನಿಮ್ ಖಾತೆ ವಾಪಸ್ ಬಂತು. ಈಗ ನೀವು ಕಳಿಸಿದ್ರೂ ನಾನು ಹೋಗಂಗಿಲ್ಲ.’ ನಾನು ಆಕೆಗೆ ಸಾರಿ ಹೇಳಿದೆ. ಅದು ಅವಳಿಗೆ ಸಲ್ಲಬೇಕಾದ ಸಾರಿ. ಅದನ್ನು ಕೇಳಿ ಮಾತು ಕಮ್ಮಿಯವಳೂ ತಲೆ ಎತ್ತಿ ನೋಡಿದಳು.

ಮೇ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆ. ಬೈಕು ನಿಂತ ಸದ್ದು. ಹುಡುಗ ಹೊಸ್ತಿಲಲ್ಲಿ ಬಂದು ನಿಂತ. ಕೆಂಡದಂಥ ಬಿಸಿಲು, ಮುಖವೆಲ್ಲ ಧೂಳು. ಸೋಫಾದ ಮೇಲೆ ಥಾನುಗಳು, ಕುರ್ಚಿಯ ಮೇಲೆ ತೋಳುಗಳ ರಾಶಿ, ಕಾಲಿಡಲು ಜಾಗವಿಲ್ಲದಂತೆ ಬಟ್ಟೆಯ ಚೂರು. ಯಾರೂ ‘ಬರ್ರಿ’ ಎನ್ನಲಿಲ್ಲ. ಮೂರು ಮಷಿನ್ನೂ ಓಡುತ್ತಿದ್ದವು. ಒಂದರ ಮುಂದೆ ನಾನು, ಒಂದರ ಮುಂದೆ ನಮ್ಮ ಬೀದಿಯವಳು, ಮೂರನೆಯದರ ಮುಂದೆ ತುಟಿ ಕಚ್ಚಿಕೊಂಡ ಸೊಸೆ.

ಅವನು ಸುತ್ತ ನೋಡಿದ. ಬಾಯಿ ಒಣಗಿತ್ತು ಅಂತ ಕಾಣುತ್ತದೆ. ‘ಅಮ್ಮಾ, ಸ್ವಲ್ಪ ನೀರು...’

ಐವತ್ತು ವರ್ಷದ ಅಭ್ಯಾಸ ನನ್ನ ಮಂಡಿಯಲ್ಲಿ ಕೂತಿತ್ತು. ಕಾಲು ತಾನೇ ತಾನಾಗಿ ಏಳಲು ಹೊರಟಿತು. ಕೇಳಿದವನಿಗೆ ನೀರಿಲ್ಲ ಎಂದ ಮನೆ ಎಂದು ನಮ್ಮತ್ತೆ ಮೇಲಿನಿಂದ ನೋಡುತ್ತಿರಬೇಕು ಅನಿಸಿತು. ಹಲ್ಲು ಕಚ್ಚಿ ಪೆಡಲ್ ತುಳಿದೆ. ಸೊಸೆ ನನ್ನನ್ನೇ ನೋಡುತ್ತಿದ್ದಳು; ನಾನು ಅವಳ ಕಡೆ ತಿರುಗಲಿಲ್ಲ.

ಕತ್ತರಿಸುವವಳು ಕತ್ತರಿಯ ತುದಿಯಲ್ಲೇ ಮೂಲೆ ತೋರಿಸಿದಳು. ‘ಅಲ್ಲೇ ಗಡಿಗೆ ಐತೆ, ಲೋಟ ಮ್ಯಾಲೈತೆ. ಬಗ್ಗಿಸ್ಕಂಡು ಕುಡೀರಿ. ತುಳಿಬ್ಯಾಡ್ರಿ, ಅವು ಮಡಿಲಿನ ಪದರ.’

ಹುಡುಗ ಕೊಕ್ಕರೆಯ ಹಾಗೆ ಒಂದೊಂದೇ ಕಾಲು ಎತ್ತಿಟ್ಟು ಗಡಿಗೆಯ ತನಕ ಹೋದ. ಎರಡು ಲೋಟ ಕುಡಿದ. ಆಮೇಲೆ ಒಂದು ಏಪ್ರನ್ ಎತ್ತಿ ಹಿಂದೆ ಮುಂದೆ ನೋಡಿದ, ಒಳಗಿನ ಹೊಲಿಗೆಯನ್ನು ಬೆರಳಿನಿಂದ ಸವರಿದ. ದಿನಕ್ಕೆ ಎಷ್ಟಾಗುತ್ತದೆ, ಬಟ್ಟೆ ಎಲ್ಲಿಂದ, ಮಷಿನ್ನು ಯಾರದ್ದು ಎಂದೆಲ್ಲ ಕೇಳಿದ. ಹೊಲಿಯುತ್ತಲೇ ಉತ್ತರ ಕೊಟ್ಟೆ. ಕೊನೆಗೆ ಮೊಬೈಲು ತೆಗೆದ.

‘ಅಮ್ಮಾ, ಸ್ವಲ್ಪ ಈ ಕಡೆ ನೋಡ್ರಿ. ನಿಮ್ಮ ಮುಖ ಬರ್ಲಿ.’

‘ಮುಖ ಹೋದ ಸಲ ತಗೊಂಡಿದೀಯಲ್ಲಪ್ಪ. ಈಗ ಹೊಲಿಗೆ ಅರ್ಧಕ್ಕೆ ಐತೆ, ನಿಲ್ಲಿಸಿದ್ರೆ ಸೊಟ್ಟ ಆಗುತ್ತೆ.’

ಹೀಗಾಗಿ ಬ್ಯಾಂಕಿನ ಕಡತದಲ್ಲಿ ಇರುವುದು ನನ್ನ ಬೆನ್ನು. ಬಾಗಿದ ಬೆನ್ನು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು, ಸುತ್ತ ಬಟ್ಟೆಯ ರಾಶಿ. ನನ್ನ ಎಪ್ಪತ್ತು ದಾಟಿದ ಬದುಕಿನಲ್ಲಿ ಅದಕ್ಕಿಂತ ಚೆಂದದ ಫೋಟೋ ಯಾರೂ ತೆಗೆದಿಲ್ಲ.

ಜೂನ್ ಮೂರನೆಯ ವಾರ ಖಾತೆ ತೆರೆಯಿತು. ಕೊನೆಯ ಕಾಗದಕ್ಕೆ ನಾನು ಕಾನ್ವೆಂಟಿನ ಓರೆ ಅಕ್ಷರದಲ್ಲಿ ನಿಧಾನಕ್ಕೆ ಸಹಿ ಹಾಕಿದೆ, ಕೆಳಗೆ ‘ಪ್ರೊಪ್ರೈಟರ್’ ಎಂಬ ಸ್ಟಾಂಪನ್ನು ಮೇಜು ಅಲುಗುವಂತೆ ಒತ್ತಿದೆ. ಸಿಸ್ಟರ್ ಇದ್ದಿದ್ದರೆ ತೋರಿಸುತ್ತಿದ್ದೆ. ಅಪ್ಪ ಇದ್ದಿದ್ದರೆ, ಅವರಿಗೂ. ಅಲ್ಲಿಂದಲೇ ಸಾಹುಕಾರರಿಗೆ ಫೋನು ಮಾಡಿ ನಂಬರ್ ಬರೆಸಿದೆ. ‘ದಾವಣಗೆರೆಯೋರಿಗೆ ಇಲ್ಲ ಅಂದುಬಿಡ್ರಿ.’

ಹುಡುಗನಿಗೆ, ‘ಈಗ ಮನೆಗೆ ಬಾರಪ್ಪ, ಉಪ್ಪಿಟ್ಟು ಮಾಡಿಸ್ತೀನಿ’ ಎಂದೆ.

‘ಬ್ಯಾಡಮ್ಮ’ ಎಂದು ಕೈಮುಗಿದ. ‘ನಿಮ್ಮ ಉಪ್ಪಿಟ್ಟು ತಿಂದ್ರೆ ಬಿಸಿನೆಸ್ಸೇ ಕಾಣಂಗಿಲ್ಲ.’

ಟೇಬಲ್‌ಕ್ಲಾತ್ ಮತ್ತೆ ಟ್ರಂಕಿಗೆ ಹೋಗಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಹಾಸಿದ್ದೇವೆ, ಬಟ್ಟೆ ಜಾರದಿರಲಿ ಎಂದು. ನೀಲಿ ಹೂವಿನ ಮೇಲೆಲ್ಲ ಸೀಮೆಸುಣ್ಣದ ಗೆರೆ. ನೆಂಟರು ಬಂದರೆ ಮೂಗು ಮುರಿಯುತ್ತಾರೆ, ಮುರಿಯಲಿ. ಗಡಿಗೆ ಮೂಲೆಯಲ್ಲಿದೆ, ಲೋಟ ಅದರ ಮೇಲಿದೆ. ಬಾಯಾರಿದವರು ಬಗ್ಗಿಸಿಕೊಂಡು ಕುಡಿಯುತ್ತಾರೆ.